ಹೊಸ ಡೊಮೇನ್‌ಗೆ ಹೋಗುವ ಮುನ್ನ ಹಳೆಯ ವಿಳಾಸದ ಬಗ್ಗೆ ಯೋಚಿಸಿ

ಸಾಗರದ ಹತ್ತಿರದ ಒಂದು ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಹಲಸಿನ ಹಪ್ಪಳ ಮಾರಲು ಒಂದು ವೆಬ್‌ಸೈಟ್ ಮಾಡಿಕೊಂಡಿದ್ದರು. ಏಳೆಂಟು ವರ್ಷದಲ್ಲಿ ಅದು ಚೆನ್ನಾಗಿ ಬೇರು ಬಿಟ್ಟಿತ್ತು. ಜನರನ್ನು ಅಲ್ಲಿಗೆ ಕರೆತರುತ್ತಿದ್ದುದು ಮುಖ್ಯವಾಗಿ ಅದರಲ್ಲಿದ್ದ ಬರಹಗಳು. ಮಿಡಿಯನ್ನು ಯಾವ ಹದದಲ್ಲಿ ಕೊಯ್ಯಬೇಕು, ಉಪ್ಪಿನಲ್ಲಿ ಎಷ್ಟು ದಿನ ಇಡಬೇಕು, ವರ್ಷಗಟ್ಟಲೆ ಕೆಡದಂತೆ ಹೇಗೆ ಕಾಪಾಡಬೇಕು ಎಂದು ಆ ಮನೆಯ ಅಜ್ಜಿ ಹೇಳಿದ್ದನ್ನು ಸೊಸೆ ಬರೆದು ಹಾಕಿದ್ದರು. ಕನ್ನಡದಲ್ಲಿ ಹುಡುಕಿದರೆ ಗೂಗಲ್‌ನ ಮೊದಲ ಪುಟದಲ್ಲೇ ಅವು ಸಿಗುತ್ತಿದ್ದವು. ವ್ಯಾಪಾರ ಕುದುರಿ ಬ್ರ್ಯಾಂಡಿಗೆ ಹೊಸ ಹೆಸರು ಬಂತು, ಆ ಹೆಸರಿಗೆ ಹೊಸ ಡೊಮೇನ್ ಕೊಂಡರು. ಸೈಟ್ ಮಾಡಿಕೊಟ್ಟವರು ಒಂದು ಭಾನುವಾರ ಎಲ್ಲವನ್ನೂ ಹೊಸ ವಿಳಾಸಕ್ಕೆ ಸಾಗಿಸಿ ಕೈತೊಳೆದುಕೊಂಡರು. ಒಂದು ತಿಂಗಳಾಗುವಷ್ಟರಲ್ಲಿ ಹುಡುಕಿಕೊಂಡು ಬರುವವರೇ ಇಲ್ಲವಾದರು.

ಅವರು ನನಗೆ ಫೋನ್ ಮಾಡಿದಾಗ, ವಾಟ್ಸ್‌ಆ್ಯಪ್‌ನಲ್ಲಿ ಯಾರಾದರೂ ಹಿಂದೆ ಕಳಿಸಿದ್ದ ಹಳೆಯ ಲಿಂಕ್ ಇದ್ದರೆ ಕಳಿಸಿ ಎಂದೆ. ಎರಡು ವರ್ಷದ ಹಿಂದಿನ ಒಂದು ಲಿಂಕ್ ಬಂತು, ಉಪ್ಪಿನಕಾಯಿ ಕೆಡದಂತೆ ಇಡುವ ಬಗೆಯದು. ಒತ್ತಿದೆ. ತೆರೆದದ್ದು ಆ ಬರಹವಲ್ಲ, ಹೊಸ ತಾಣದ ಮುಖಪುಟ. ಇನ್ನೊಂದು ಲಿಂಕ್ ಒತ್ತಿದೆ, ಮತ್ತೆ ಅದೇ ಮುಖಪುಟ. ಯಾವ ಪುಟ ಕೇಳಿದರೂ ಮುಖಪುಟಕ್ಕೇ ತಂದು ನಿಲ್ಲಿಸುವ ಹಾಗೆ ಮಾಡಿಟ್ಟಿದ್ದರು. ರೋಗ ಏನೆಂದು ಅಲ್ಲಿಗೇ ಗೊತ್ತಾಯಿತು.

ಡೊಮೇನ್ ಬದಲಿಸುವವರೆಲ್ಲ ಹೊಸ ಹೆಸರು ಹೇಗಿರಬೇಕು, ಡಾಟ್ ಕಾಮ್ ಸಿಗುತ್ತದೋ ಇಲ್ಲವೋ, ಲೋಗೋಗೆ ಒಪ್ಪುತ್ತದೋ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಹುಡುಕಾಟದ ರ್‍ಯಾಂಕಿಂಗ್ ಉಳಿಯುವುದೂ ಹೋಗುವುದೂ ನೀವು ಬಿಟ್ಟುಬರುವ ಹಳೆಯ ಹೆಸರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದರ ಮೇಲೆ. ಈ ಕೆಲಸದಲ್ಲಿ ಇಷ್ಟು ವರ್ಷ ಕಂಡದ್ದರಿಂದ ಇದನ್ನು ಖಚಿತವಾಗಿ ಹೇಳಬಲ್ಲೆ.

ಬದಲಿಸಲೇಬೇಕೆ?

ರ್‍ಯಾಂಕಿಂಗ್ ಹೆಚ್ಚಿಸಿಕೊಳ್ಳಲೆಂದೇ ಡೊಮೇನ್ ಬದಲಿಸುತ್ತಿದ್ದರೆ ದಯವಿಟ್ಟು ಬೇಡ. ಹೆಸರಿನಲ್ಲೇ 'ಉಪ್ಪಿನಕಾಯಿ', 'ಹೋಂಸ್ಟೇ', 'ಟ್ಯಾಕ್ಸಿ' ಎಂಬ ಪದವಿದ್ದರೆ ಗೂಗಲ್ ಮೇಲಕ್ಕೆ ಹತ್ತಿಸುತ್ತದೆ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಒಂದು ಕಾಲಕ್ಕೆ ಅದರಲ್ಲಿ ಸ್ವಲ್ಪ ನಿಜವಿತ್ತು. 2012ರ ಸೆಪ್ಟೆಂಬರಿನಲ್ಲಿ ಗೂಗಲ್ ತಂದ ಬದಲಾವಣೆ, ಹುಡುಕುವ ಪದವನ್ನೇ ಹೆಸರಾಗಿಟ್ಟುಕೊಂಡು ಒಳಗೆ ಹುರುಳಿಲ್ಲದ ತಾಣಗಳನ್ನು ಕೆಳಕ್ಕಿಳಿಸಿತು. ಹೆಸರಿನ ಆ ಆಸರೆಯನ್ನು ನಂಬಿ ಈಗ ದುಡ್ಡು ಖರ್ಚು ಮಾಡುವುದು ವ್ಯರ್ಥ.

ಸಂಸ್ಥೆಯ ಹೆಸರೇ ಬದಲಾಗಿದ್ದರೆ, ಎರಡು ತಾಣಗಳು ಒಂದಾಗುತ್ತಿದ್ದರೆ, ಟ್ರೇಡ್‌ಮಾರ್ಕ್ ತಕರಾರು ಬಂದಿದ್ದರೆ, ಬೇರೊಬ್ಬರ ಸಬ್‌ಡೊಮೇನ್‌ನಲ್ಲಿದ್ದವರು ಸ್ವಂತ ಹೆಸರಿಗೆ ಬರುತ್ತಿದ್ದರೆ ಬದಲಿಸಬೇಕು. ಇನ್ನೊಂದು ಕಾರಣ ಓದುಗರು ಇರುವ ದೇಶ. ಡಾಟ್ ಇನ್ ಎಂಬುದನ್ನು ಗೂಗಲ್ ಭಾರತಕ್ಕೆ ಸೇರಿದ ವಿಳಾಸವೆಂದು ಓದುತ್ತದೆ. ನಿಮ್ಮ ಓದುಗರಲ್ಲಿ ಅರ್ಧ ಜನ ದುಬೈ, ಸಿಂಗಪುರ, ಕ್ಯಾಲಿಫೋರ್ನಿಯಾದ ಕನ್ನಡಿಗರಾದರೆ ದೇಶದ ಗುರುತಿಲ್ಲದ ಡಾಟ್ ಕಾಮ್ ಅಥವಾ ಡಾಟ್ ಆರ್ಗ್ ಒಪ್ಪುತ್ತದೆ. ಓದುಗರೆಲ್ಲ ಇಲ್ಲಿಯವರೇ ಆದರೆ ಡಾಟ್ ಇನ್ ಬಿಡುವ ಅಗತ್ಯವೇನೂ ಇಲ್ಲ.

ಕೆಲವೊಮ್ಮೆ ಕಾನೂನೇ ಬದಲಿಸುತ್ತದೆ. ಇತ್ತೀಚಿನ ದೊಡ್ಡ ಉದಾಹರಣೆ ನಮ್ಮ ಬ್ಯಾಂಕುಗಳದು. ನಕಲಿ ಬ್ಯಾಂಕ್ ತಾಣಗಳ ವಂಚನೆ ತಡೆಯಲು, ದೇಶದ ಬ್ಯಾಂಕುಗಳು 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಮೀಸಲು ಹೆಸರಿಗೆ ಬರಬೇಕೆಂದು ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಏಪ್ರಿಲ್‌ನಲ್ಲಿ ಸುತ್ತೋಲೆ ಹೊರಡಿಸಿ, ಅಕ್ಟೋಬರ್ 31ರೊಳಗೆ ಮುಗಿಸಿ ಎಂದು ಗಡುವು ಕೊಟ್ಟಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಈ ಹೆಸರುಗಳನ್ನು ನೋಂದಾಯಿಸಬಲ್ಲದು; ಬೇರೆ ಯಾರೂ ಅಲ್ಲಿ ಹೆಸರು ಕೊಳ್ಳುವಂತಿಲ್ಲ. ದಶಕಗಳಿಂದ ಪಾಸ್‌ಬುಕ್ಕಿನ ಮೇಲೆ, ಎಟಿಎಂ ಗೋಡೆಯ ಮೇಲೆ ಅಚ್ಚಾದ ವಿಳಾಸಗಳು ಒಂದೇ ವರ್ಷದಲ್ಲಿ ಬದಲಾದವು. ಬ್ಯಾಂಕಿನ ಹೆಸರು ಹೊಡೆದು ಹುಡುಕುವ ಗ್ರಾಹಕ ಹೊಸ ವಿಳಾಸ ಕಂಡು ಗಾಬರಿಯಾಗಬಾರದು, ಹಳೆಯ ವಿಳಾಸ ಒತ್ತಿದವನು ದಾರಿ ತಪ್ಪಬಾರದು. ಒಂದು ಪಟ್ಟಣ ಸಹಕಾರ ಬ್ಯಾಂಕಿಗೂ ನಿಮ್ಮ ಉಪ್ಪಿನಕಾಯಿ ಅಂಗಡಿಗೂ ಈ ಎರಡು ಷರತ್ತು ಒಂದೇ.

ಗೂಗಲ್ ಲೆಕ್ಕದಲ್ಲಿ ಮನೆಯಲ್ಲ, ಕೋಣೆ

ನಮಗೆ ವೆಬ್‌ಸೈಟ್ ಎಂದರೆ ಒಂದು ಮನೆ. ಗೂಗಲ್ ಮಾತ್ರ ಪ್ರತಿ ಪುಟಕ್ಕೂ ಬೇರೆ ಬೇರೆ ಖಾತೆ ಇಟ್ಟಿರುತ್ತದೆ. ಯಾರು ಯಾವ ಪುಟಕ್ಕೆ ಲಿಂಕ್ ಕೊಟ್ಟಿದ್ದಾರೆ, ಯಾವ ಹುಡುಕಾಟಕ್ಕೆ ಯಾವ ಪುಟ ತಕ್ಕ ಉತ್ತರ ಎಂಬುದೆಲ್ಲ ಆ ಪುಟದ ಪೂರ್ತಿ ವಿಳಾಸದ ಹೆಸರಿನಲ್ಲಿ ಜಮೆಯಾಗಿರುತ್ತದೆ. ಡೊಮೇನ್ ಬದಲಾದರೆ ಅಷ್ಟೂ ಖಾತೆಗಳು ಹೊಸ ಹೆಸರಿಗೆ ವರ್ಗವಾಗಬೇಕು. ವರ್ಗಾವಣೆಯ ಪತ್ರವೇ 301 ರೀಡೈರೆಕ್ಟ್. ಹಳೆಯ ಪುಟ ಕೇಳಿದವರಿಗೆ ಸರ್ವರ್ 'ಇದು ಶಾಶ್ವತವಾಗಿ ಇಂಥಲ್ಲಿಗೆ ಹೋಗಿದೆ' ಎಂದು ಹೇಳಿ ಅಲ್ಲಿಗೇ ಕಳಿಸುತ್ತದೆ. 302 ಎಂಬ ಇನ್ನೊಂದಿದೆ, ಅದರ ಅರ್ಥ 'ತಾತ್ಕಾಲಿಕವಾಗಿ'. ಮನೆ ಬದಲಿಸಿದವರು 302 ಹಾಕಿದರೆ, ಇವರು ಎಂದಾದರೂ ಹಿಂದಿರುಗುತ್ತಾರೆ ಎಂದುಕೊಂಡು ಗೂಗಲ್ ಹಳೆಯ ವಿಳಾಸವನ್ನೇ ತೋರಿಸುತ್ತಿರಬಹುದು. ಎಷ್ಟೋ ಹೋಸ್ಟಿಂಗ್ ಪ್ಯಾನೆಲ್‌ಗಳಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ಆರಿಸುವಾಗ ಕಣ್ಣಿಟ್ಟು ನೋಡಿ.

ರೀಡೈರೆಕ್ಟ್ ಮಾಡಿದರೆ ಪುಟದ ಬಲದಲ್ಲಿ, ಅಂದರೆ ಪೇಜ್‌ರ್‍ಯಾಂಕ್‌ನಲ್ಲಿ, ಒಂದಷ್ಟು ಸೋರಿಹೋಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಇಂಥ ರೀಡೈರೆಕ್ಟ್‌ಗಳಿಂದ ಪೇಜ್‌ರ್‍ಯಾಂಕ್ ನಷ್ಟವಾಗುವುದಿಲ್ಲ ಎಂದು ಗೂಗಲ್‌ನ ಗ್ಯಾರಿ ಇಲ್ಯೆಸ್ 2016ರಲ್ಲೇ ಸ್ಪಷ್ಟಪಡಿಸಿದರು. ಹಾಗಾಗಿ ಡೊಮೇನ್ ಬದಲಿಸಿದರೆ ರ್‍ಯಾಂಕಿಂಗ್ ಹೋಗಿಯೇ ಹೋಗುತ್ತದೆ ಎಂಬ ಹೆದರಿಕೆ ಬೇಡ. ಹೋಗುವುದು ಕೆಲಸ ಅರ್ಧಕ್ಕೆ ಬಿಟ್ಟಾಗ.

ಸಾಗರದ ತಾಣದಲ್ಲಿ ಆದದ್ದು ಅದೇ. ಉಪ್ಪಿನಕಾಯಿಯ ಬರಹ ಕೇಳಿದವರಿಗೆ ಮುಖಪುಟ ಕೊಟ್ಟರೆ, ಕೇಳಿದ್ದು ಇಲ್ಲಿ ಇಲ್ಲ ಎಂದೇ ಗೂಗಲ್ ತಿಳಿಯುತ್ತದೆ. ಅಂಥದ್ದನ್ನು 'ಸಾಫ್ಟ್ 404' ಎಂದು ಗುರುತು ಹಾಕಿ ಹಳೆಯ ಪುಟದ ಖಾತೆಯನ್ನು ಮುಚ್ಚುತ್ತದೆ. ಏಳೆಂಟು ವರ್ಷ ಕೂಡಿಟ್ಟದ್ದು ಯಾರ ಹೆಸರಿಗೂ ವರ್ಗವಾಗದೆ ಅಲ್ಲೇ ಕಳೆದುಹೋಗುತ್ತದೆ. ಡೊಮೇನ್ ಮಾರುವ ಕಂಪನಿಗಳು ಉಚಿತವಾಗಿ ಕೊಡುವ 'ಫಾರ್ವರ್ಡಿಂಗ್' ಸೌಲಭ್ಯದಲ್ಲೂ ಅನೇಕ ಬಾರಿ ಹೀಗೇ ಆಗುತ್ತದೆ. ಅದನ್ನು ನೆಚ್ಚುವ ಮೊದಲು ಒಳಗಿನ ಒಂದು ಪುಟದ ವಿಳಾಸ ಹಾಕಿ ಎಲ್ಲಿಗೆ ಹೋಗುತ್ತದೆ ನೋಡಿ.

ಪಟ್ಟಿ ಮಾಡುವ ಕೆಲಸ, ಕನ್ನಡದ ವಿಳಾಸಗಳ ತೊಡಕು

ಆದ್ದರಿಂದ ಮೊದಲ ಕೆಲಸ ಒಂದು ಸ್ಪ್ರೆಡ್‌ಶೀಟ್. ಎಡಗಡೆ ಹಳೆಯ ಪುಟದ ಪೂರ್ತಿ ವಿಳಾಸ, ಬಲಗಡೆ ಅದೇ ಪುಟದ ಹೊಸ ವಿಳಾಸ. ಹಳೆಯ ವಿಳಾಸಗಳನ್ನು ಒಂದೇ ಕಡೆಯಿಂದ ತೆಗೆಯಬೇಡಿ. ಸೈಟ್‌ಮ್ಯಾಪ್‌ನಿಂದ, ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ ಪಡೆದ ಪುಟಗಳಿಂದ, ಹೊರಗಿನವರು ಲಿಂಕ್ ಕೊಟ್ಟ ಪುಟಗಳಿಂದ, ಅನಲಿಟಿಕ್ಸ್‌ನಿಂದ ಎಲ್ಲವನ್ನೂ ಸೇರಿಸಿ. ಚಿತ್ರಗಳು, ಪಿಡಿಎಫ್ ಕಡತಗಳೂ ಸೇರಲಿ. ಪಂಚಾಂಗದ, ಬೆಲೆಪಟ್ಟಿಯ ಪಿಡಿಎಫ್‌ಗೆ ಬರುವಷ್ಟು ಜನ ಕೆಲವು ತಾಣಗಳ ಮುಖಪುಟಕ್ಕೂ ಬರುವುದಿಲ್ಲ. ಡೊಮೇನ್ ಮಾತ್ರ ಬದಲಾಗಿ ಉಳಿದ ಭಾಗ ಹಾಗೇ ಇದ್ದರೆ ಒಂದೇ ಸಾಲಿನ ನಿಯಮ ಎಲ್ಲವನ್ನೂ ಸಾಗಿಸುತ್ತದೆ. ಹಾಗೇ ಇರಲಿ ಎಂಬುದೇ ನನ್ನ ಸಲಹೆ. ಡೊಮೇನ್, ವಿನ್ಯಾಸ, ಪುಟಗಳ ರಚನೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ, ನಾಳೆ ಓದುಗರು ಕಡಿಮೆಯಾದಾಗ ಕಾರಣ ಯಾವುದೆಂದು ಯಾರಿಗೂ ಹೇಳಲಾಗುವುದಿಲ್ಲ.

ಇಲ್ಲಿ ಕನ್ನಡದ ತಾಣಗಳಿಗೆ ಎದುರಾಗುವ ಒಂದು ತೊಡಕಿದೆ. ನಮ್ಮ ಪುಟಗಳ ವಿಳಾಸದಲ್ಲಿ ಕನ್ನಡ ಅಕ್ಷರಗಳಿರುತ್ತವೆ. ಕಂಪ್ಯೂಟರ್ ಅವನ್ನು ಹಾಗೇ ಸಾಗಿಸುವುದಿಲ್ಲ. ಪ್ರತಿ ಕನ್ನಡ ಸಂಕೇತವನ್ನೂ ಮೂರು ಬೈಟ್ ಮಾಡಿ, ಪ್ರತಿ ಬೈಟನ್ನೂ ಶೇಕಡಾ ಗುರುತಿನ ಜೊತೆ ಮೂರು ಅಕ್ಷರವಾಗಿ ಬರೆಯುತ್ತದೆ. ಒಂದು ಸಂಕೇತಕ್ಕೆ ಒಂಬತ್ತು ಅಕ್ಷರವಾಯಿತು. 'ಉಪ್ಪಿನಕಾಯಿ' ಎಂಬ ಪದದಲ್ಲಿ ಅಕ್ಷರ, ಒತ್ತು, ಗುಣಿತದ ಚಿಹ್ನೆ ಎಲ್ಲ ಸೇರಿ ಹತ್ತು ಸಂಕೇತ. ವಿಳಾಸದಲ್ಲಿ ಅದು ತೊಂಬತ್ತು ಅಕ್ಷರ. ವರ್ಡ್‌ಪ್ರೆಸ್ ಪುಟದ ಹೆಸರಿಗೆ ಇಟ್ಟಿರುವ ಜಾಗ ಇನ್ನೂರು ಅಕ್ಷರ. ಹಾಗಾಗಿ 'ಅಪ್ಪೆಮಿಡಿ ಉಪ್ಪಿನಕಾಯಿ ಕೆಡದಂತೆ ಇಡುವುದು ಹೇಗೆ' ಎಂಬ ತಲೆಬರಹ ವಿಳಾಸಕ್ಕೆ ಬರುವಾಗ 'ಅಪ್ಪೆಮಿಡಿ-ಉಪ್ಪಿನಕಾಯಿ-ಕೆಡ' ಎಂಬಲ್ಲಿಗೆ ತುಂಡಾಗುತ್ತದೆ. ತಲೆಬರಹ ನೋಡಿ ವಿಳಾಸ ಊಹಿಸಿ ಪಟ್ಟಿಗೆ ಬರೆದರೆ ಅದು ಇಲ್ಲದ ಪುಟದ ವಿಳಾಸ. ಸಾಗರದ ತಾಣವನ್ನು ಸರಿಪಡಿಸುವಾಗ ಇಂಥ ತುಂಡಾದ ವಿಳಾಸಗಳನ್ನು ಒಂದೊಂದಾಗಿ ಹಳೆಯ ಬ್ಯಾಕಪ್‌ನಿಂದ ಎತ್ತಬೇಕಾಯಿತು.

ಕಣ್ಣಿಗೆ ಕಾಣದ ಇನ್ನೊಂದು ಅಡ್ಡಿಯೂ ಇದೆ. 'ಫೇಸ್‌ಬುಕ್' ಎಂದು ಬರೆಯುವಾಗ ಸ್ ಮತ್ತು ಬು ಕೂಡಿ ಒತ್ತಕ್ಷರವಾಗದಿರಲಿ ಎಂದು ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಹಾಕುತ್ತೇವೆ. ಪರದೆಯ ಮೇಲೆ ಅದು ಕಾಣುವುದಿಲ್ಲ, ವಿಳಾಸದಲ್ಲಿ ಮಾತ್ರ ಇರಬಹುದು. ಕೈಯಿಂದ ಟೈಪ್ ಮಾಡಿದ ವಿಳಾಸ ನೋಡಲು ಅದೇ ಆಗಿದ್ದರೂ ಬೇರೆಯೇ ಆಗಿರುತ್ತದೆ. ಕನ್ನಡ ವಿಳಾಸಗಳನ್ನು ಎಂದೂ ಟೈಪ್ ಮಾಡಬೇಡಿ, ಇದ್ದಲ್ಲಿಂದ ನಕಲು ಮಾಡಿ ಅಂಟಿಸಿ.

ಸಾಗಿಸುವ ಮುನ್ನ, ಸಾಗಿಸುವ ದಿನ

ಹೊಸ ಡೊಮೇನ್ ನಿಜಕ್ಕೂ ಹೊಸದೇ ಎಂದು ನೋಡಿಕೊಳ್ಳಿ. ಹಿಂದೆ ಯಾರೋ ಬಳಸಿ ಬಿಟ್ಟದ್ದಾಗಿದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಳೆಯ ಮುಖ ಕಾಣುತ್ತದೆ. ಜೂಜಿನ, ನಕಲಿ ಔಷಧದ ತಾಣವಾಗಿತ್ತೆಂದು ಕಂಡರೆ ಬೇರೆ ಹೆಸರು ಹುಡುಕುವುದು ಲೇಸು. ಕೊಂಡ ಮೇಲೆ ಸರ್ಚ್ ಕನ್ಸೋಲ್‌ಗೆ ಸೇರಿಸಿ, 'ಮ್ಯಾನ್ಯುಯಲ್ ಆ್ಯಕ್ಷನ್ಸ್' ಎಂಬಲ್ಲಿ ಹಿಂದಿನವರ ದಂಡ ಬಾಕಿ ಉಳಿದಿದೆಯೇ ನೋಡಿ.

ದಿನ ಆರಿಸುವಾಗ ನಿಮ್ಮ ವ್ಯಾಪಾರದ ಹಂಗಾಮು ನೋಡಿ. ಮಲೆನಾಡಿನ ಹೋಂಸ್ಟೇ ಡಿಸೆಂಬರ್ ರಜೆಗೆ ಮುಂಚೆ ಬದಲಿಸಬಾರದು. ಪಿಯು ಫಲಿತಾಂಶದ ಹೊತ್ತಿನಲ್ಲಿ ಕಾಲೇಜು ತಾಣ ಮುಟ್ಟಬಾರದು. ಎಷ್ಟೇ ಅಚ್ಚುಕಟ್ಟಾಗಿ ಮಾಡಿದರೂ ಕೆಲವು ವಾರ ರ್‍ಯಾಂಕಿಂಗ್ ಏರಿಳಿಯುತ್ತದೆ.

ಆ ದಿನ ನಾನು ಮೊದಲು ನೋಡುವುದು ಹೊಸ ತಾಣದ 'ನೋಇಂಡೆಕ್ಸ್' ಗುರುತನ್ನು. ತಾಣ ಕಟ್ಟುವ ಹಂತದಲ್ಲಿ ಗೂಗಲ್ ಒಳಗೆ ಬಾರದಿರಲಿ ಎಂದು ಹಾಕಿದ್ದನ್ನು ತೆಗೆಯಲು ಮರೆಯುತ್ತಾರೆ. ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್‌ನಲ್ಲಿ ಒಂದೇ ಒಂದು ಟಿಕ್ ಗುರುತು, ಅದು ಉಳಿದರೆ ಇಡೀ ತಾಣ ಹುಡುಕಾಟದಿಂದ ಮಾಯ. ಹಳೆಯ ತಾಣದ ರೋಬಾಟ್ಸ್ ಕಡತದಲ್ಲೂ ಗೂಗಲ್‌ಗೆ ತಡೆ ಇರಬಾರದು, ಏಕೆಂದರೆ ಬಾಗಿಲಿಗೇ ಬಾರದವನಿಗೆ ಹೊಸ ವಿಳಾಸ ಹೇಳಲಾಗುವುದಿಲ್ಲ. ಮತ್ತೆ ಒಳಗಿನ ಲಿಂಕುಗಳು, ಪುಟದ ಅಸಲು ವಿಳಾಸ ಯಾವುದೆಂದು ಗೂಗಲ್‌ಗೆ ತಿಳಿಸುವ ಕ್ಯಾನಾನಿಕಲ್ ಟ್ಯಾಗ್, ಸೈಟ್‌ಮ್ಯಾಪ್ ಎಲ್ಲ ಹೊಸ ಡೊಮೇನನ್ನೇ ಹೇಳಬೇಕು. ಕ್ಯಾನಾನಿಕಲ್ ಹಳೆಯದನ್ನೇ ತೋರಿಸುತ್ತಿದ್ದರೆ ರೀಡೈರೆಕ್ಟ್ ಒಂದು ಮಾತು, ಟ್ಯಾಗ್ ಇನ್ನೊಂದು ಮಾತು ಆಡಿದಂತಾಗುತ್ತದೆ.

ಹಿಂದೊಮ್ಮೆ ಡೊಮೇನ್ ಬದಲಿಸಿದವರು ಸರಪಳಿಯ ಕಡೆ ಗಮನ ಕೊಡಿ. ಮೊದಲ ಹೆಸರಿನಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಎಂದು ಸುತ್ತಿಸಬೇಡಿ. ಗೂಗಲ್ ಹತ್ತು ಹೆಜ್ಜೆಯವರೆಗೆ ಹಿಂಬಾಲಿಸುತ್ತದಾದರೂ, ನೇರವಾಗಿ ಕೊನೆಯ ವಿಳಾಸಕ್ಕೇ ಕಳಿಸುವುದು ಸರಿ.

ಇಷ್ಟಾದ ಮೇಲೆ ಸರ್ಚ್ ಕನ್ಸೋಲ್‌ನಲ್ಲಿ ಹಳೆಯ ತಾಣದ ಸೆಟ್ಟಿಂಗ್ಸ್‌ಗೆ ಹೋಗಿ 'ಚೇಂಜ್ ಆಫ್ ಅಡ್ರೆಸ್' ಒತ್ತಿ. ಹಳೆಯದು, ಹೊಸದು ಎರಡೂ ಒಂದೇ ಗೂಗಲ್ ಖಾತೆಯಲ್ಲಿ ನಿಮ್ಮದೆಂದು ದೃಢವಾಗಿರಬೇಕು. ಇಲ್ಲೇ ಹಲವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹಳೆಯ ತಾಣದ ಖಾತೆ ಎಂದೋ ಕೆಲಸ ಬಿಟ್ಟುಹೋದ ಹುಡುಗನ ಜಿಮೇಲ್‌ನಲ್ಲಿರುತ್ತದೆ. ಬದಲಿಸುವ ಯೋಚನೆ ಬಂದ ದಿನವೇ ಆ ಬೀಗದಕೈ ವಾಪಸು ಪಡೆಯಿರಿ.

ಗೂಗಲ್‌ನ ಹುಡುಕಾಟದ ಆಚೆಗೂ ಒಂದಷ್ಟು ಕೆಲಸವಿದೆ. ಗೂಗಲ್ ಮ್ಯಾಪ್ಸ್‌ನ ನಿಮ್ಮ ಅಂಗಡಿಯ ಪುಟ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ವಿವರಣೆಗಳಲ್ಲಿ ವಿಳಾಸ ಬದಲಿಸಿ. ಆ್ಯಡ್‌ಸೆನ್ಸ್‌ಗೆ ಹೊಸ ತಾಣ ಸೇರಿಸಿ. ಪೇಮೆಂಟ್ ಗೇಟ್‌ವೇಗೆ ಹೊಸ ವಿಳಾಸ ತಿಳಿಸದಿದ್ದರೆ ಹಣ ಕಟ್ಟಿದ ಗ್ರಾಹಕ ನಡುದಾರಿಯಲ್ಲಿ ನಿಲ್ಲುತ್ತಾನೆ. ಇಮೇಲ್ ಬಗ್ಗೆಯಂತೂ ಎಚ್ಚರ. ಹಳೆಯ ಡೊಮೇನಿನ ಮೇಲ್ ದಾಖಲೆಗಳನ್ನು ಅಳಿಸಿದ ಕ್ಷಣದಿಂದ ಹಳೆಯ ವಿಳಾಸಕ್ಕೆ ಬಂದ ಪತ್ರಗಳೆಲ್ಲ ಹಿಂದಿರುಗುತ್ತವೆ, ಬ್ಯಾಂಕಿನ ಒಟಿಪಿಯೂ ಸೇರಿ. ನಿಮ್ಮ ಬಗ್ಗೆ ಬರೆದು ಲಿಂಕ್ ಕೊಟ್ಟ ಪತ್ರಿಕೆ, ಸಂಘಸಂಸ್ಥೆಗಳಿಗೆ ಎರಡು ಸಾಲಿನ ಪತ್ರ ಬರೆದು ಹೊಸ ಲಿಂಕ್ ಹಾಕಲು ಕೇಳಿಕೊಳ್ಳಿ. ಹತ್ತರಲ್ಲಿ ಮೂವರು ಬದಲಿಸಿದರೂ ಅದು ದೊಡ್ಡ ಲಾಭ.

ಆಮೇಲಿನ ದಿನಗಳು

ಸಣ್ಣ, ನಡುಗಾತ್ರದ ತಾಣದ ಬಹುಪಾಲು ಪುಟಗಳು ಹೊಸ ಹೆಸರಿಗೆ ಬರಲು ಕೆಲವು ವಾರ ಹಿಡಿಯುತ್ತದೆ. ಸಾವಿರಾರು ಪುಟಗಳಿದ್ದರೆ ತಿಂಗಳುಗಳೇ ಆಗಬಹುದು. ಸರ್ಚ್ ಕನ್ಸೋಲ್‌ನಲ್ಲಿ ಹಳೆಯ ತಾಣದ ಗೆರೆ ಇಳಿಯುತ್ತಾ ಹೊಸದರ ಗೆರೆ ಏರುತ್ತಾ ಬಂದು ಒಂದನ್ನೊಂದು ದಾಟುತ್ತವೆ. ಎರಡನ್ನೂ ಕೂಡಿಸಿ ನೋಡಿ. ಕೂಡಿದ ಲೆಕ್ಕ ಮೊದಲಿನ ಆಸುಪಾಸಿನಲ್ಲಿದ್ದರೆ ಎಲ್ಲ ಸರಿಯಿದೆ. ಎರಡೂ ಒಟ್ಟಿಗೆ ಇಳಿಯುತ್ತಿದ್ದರೆ ರೀಡೈರೆಕ್ಟ್ ಪಟ್ಟಿಯನ್ನು ಮತ್ತೆ ತೆಗೆಯಿರಿ. ಈ ನಡುವೆ ಗಾಬರಿಯಿಂದ ಹಳೆಯ ಡೊಮೇನ್‌ಗೆ ಹಿಂದಿರುಗುವುದು, ಮತ್ತೆ ಮುಂದೆ ಹೋಗುವುದು ಮಾಡಬೇಡಿ. ಹಳೆಯ ಡೊಮೇನಿನ ಹೆಸರು ಹಾಕಿಯೇ ಹುಡುಕಿದರೆ ಅದರ ಪುಟಗಳು ವರ್ಷದ ನಂತರವೂ ಕಾಣಿಸಬಹುದು. ಅದು ದೋಷವಲ್ಲ, ಹಳೆಯ ಹೆಸರಿನಲ್ಲೇ ಕೇಳಿದವರಿಗೆ ಗೂಗಲ್ ಹಳೆಯ ಹೆಸರಿನಲ್ಲೇ ಉತ್ತರ ಕೊಡುತ್ತದೆ.

ಯಂತ್ರಕ್ಕೆ ವಿಳಾಸ ಬದಲಾದದ್ದನ್ನು ತಿಳಿಸಬಹುದು, ಜನರ ಬಾಯಿಗೆ ಅದು ಅಷ್ಟು ಬೇಗ ಬರುವುದಿಲ್ಲ. ಅಮೆರಿಕದ ಓವರ್‌ಸ್ಟಾಕ್ ಎಂಬ ದೊಡ್ಡ ಅಂಗಡಿ 2011ರಲ್ಲಿ ಹೆಸರನ್ನು 'ಓ ಡಾಟ್ ಸಿಓ' ಎಂದು ಬದಲಿಸಿಕೊಂಡಿತು. ಗ್ರಾಹಕರು ಅಭ್ಯಾಸಬಲದಿಂದ 'ಓ ಡಾಟ್ ಕಾಮ್' ಎಂದು ಟೈಪ್ ಮಾಡಿ ಎಲ್ಲಿಗೂ ತಲುಪದೆ ಹೋದರು. ಕೆಲವೇ ತಿಂಗಳಲ್ಲಿ ಕಂಪನಿ ಓವರ್‌ಸ್ಟಾಕ್ ಡಾಟ್ ಕಾಮ್‌ಗೇ ಮರಳಿತು. ಹಳೆಯ ಹೆಸರು ಅದರ ಕೈಯಲ್ಲೇ ಇದ್ದುದರಿಂದ ಮರಳಲು ಸಾಧ್ಯವಾಯಿತು.

ಎಷ್ಟು ಕಾಲ ಹಳೆಯ ಡೊಮೇನ್ ಇಟ್ಟುಕೊಳ್ಳಬೇಕು ಎಂದು ಎಲ್ಲರೂ ಕೇಳುತ್ತಾರೆ. ವಿಳಾಸ ಬದಲಾವಣೆಯ ಅರ್ಜಿಯನ್ನು ಗೂಗಲ್ 180 ದಿನ ಗಮನದಲ್ಲಿಡುತ್ತದೆ, ರೀಡೈರೆಕ್ಟ್‌ಗಳನ್ನು ಕಡಿಮೆಯೆಂದರೂ ಒಂದು ವರ್ಷ ಇಡಿ ಎನ್ನುತ್ತದೆ. ನನ್ನ ಉತ್ತರ: ತಾಣ ಇರುವಷ್ಟು ಕಾಲವೂ ಇಟ್ಟುಕೊಳ್ಳಿ. ಗೂಗಲ್ ಮರೆತರೂ ವಾಟ್ಸ್‌ಆ್ಯಪ್ ಗುಂಪಿನ ಫಾರ್ವರ್ಡ್, ಪುಸ್ತಕದ ಅಡಿಟಿಪ್ಪಣಿ, ಡಬ್ಬಿಯ ಮೇಲಿನ ಚೀಟಿ ಹಳೆಯ ವಿಳಾಸವನ್ನೇ ಹೇಳುತ್ತಿರುತ್ತವೆ. ಡೊಮೇನ್ ಜೊತೆಗೆ ಹಳೆಯ ಹೆಸರಿನ ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನೂ ಚಾಲ್ತಿಯಲ್ಲಿಡಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಸರ್ಟಿಫಿಕೇಟ್ ಮುಗಿದುಹೋದರೆ ರೀಡೈರೆಕ್ಟ್‌ವರೆಗೆ ಹೋಗುವ ಮೊದಲೇ ಬ್ರೌಸರ್ 'ಈ ತಾಣ ಸುರಕ್ಷಿತವಲ್ಲ' ಎಂದು ಓದುಗರನ್ನು ತಡೆದು ನಿಲ್ಲಿಸುತ್ತದೆ.

ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಮಕ್ಕಳಿಗೆ ಕಥೆ, ಪದ್ಯ ಕೊಡುತ್ತಿದ್ದ ಒಂದು ಕನ್ನಡ ತಾಣ ಹೊಸ ಹೆಸರಿಗೆ ಹೋದ ಮೇಲೆ ಹಳೆಯದನ್ನು ನವೀಕರಿಸಲಿಲ್ಲ. ಅವಧಿ ಮುಗಿದು ಹೆಸರು ಮಾರುಕಟ್ಟೆಗೆ ಬಂತು, ಯಾರೋ ಕೊಂಡರು. ಶಾಲೆಗಳ ಪುಟಗಳಲ್ಲಿದ್ದ ಹಳೆಯ ಲಿಂಕುಗಳೆಲ್ಲ ಬೆಟ್ಟಿಂಗ್ ತಾಣಕ್ಕೆ ತೆರೆಯತೊಡಗಿದವು. ಆ ಹೆಸರಿಗೆ ಬೆಲೆ ಬಂದದ್ದೇ ಶಾಲೆಗಳು ಕೊಟ್ಟಿದ್ದ ಆ ಲಿಂಕುಗಳಿಂದ. ಅದನ್ನು ಮರಳಿ ಪಡೆಯಲು ಅವರಿಗೆ ಆಗಲೇ ಇಲ್ಲ.

ಸಾಗರದವರ ಹಳೆಯ ಡೊಮೇನ್ ಇನ್ನೂ ಅವರ ಹೆಸರಲ್ಲೇ ಇತ್ತು. ಬ್ಯಾಕಪ್‌ನಿಂದ ವಿಳಾಸಗಳನ್ನು ಎತ್ತಿ, ಪುಟಕ್ಕೆ ಪುಟ ಜೋಡಿಸಿ 301 ಹಾಕಿದೆವು. ಮೊದಲ ತಿಂಗಳು ಏನೂ ಕಾಣಲಿಲ್ಲ. ಮೂರನೆಯ ತಿಂಗಳಿಗೆ ಅಜ್ಜಿಯ ಬರಹ ಮತ್ತೆ ಮೊದಲ ಪುಟಕ್ಕೆ ಬಂತು, ಕೆಲವು ಪುಟಗಳು ಇವತ್ತಿಗೂ ಮೊದಲಿನ ಜಾಗಕ್ಕೆ ಬಂದಿಲ್ಲ. ನೀವೂ ಡೊಮೇನ್ ಬದಲಿಸುವ ಯೋಚನೆಯಲ್ಲಿದ್ದರೆ, ಹೊಸ ಹೆಸರು ಹುಡುಕುವ ಮೊದಲು ಇವತ್ತೇ ಹಳೆಯ ಡೊಮೇನಿನ ಖಾತೆ ತೆರೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಅದರ ಆಟೋ ರಿನ್ಯೂವಲ್ ಚಾಲೂ ಮಾಡಿ, ಅಲ್ಲಿರುವ ಫೋನ್ ನಂಬರ್, ಇಮೇಲ್ ಈಗಲೂ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಿ.